ಎಡಗಾಲಿನ ಎಲುಬು

ಸಾವಿತ್ರಿ ಮ್ಯಾಟ್ರಿಕ್ ಪಾಸಾದಾಗ ಮಮದಾಪುರದಲ್ಲಿ ಯಾರೂ ಸಕ್ಕರೆ ಹಂಚಲಿಲ್ಲ. ಅವಳ ತಂದೆ ಭೀಮರಾಯ ಊರಿನ ಕನ್ನಡ ಶಾಲೆಯ ಮಾಸ್ತರ. ಒಬ್ಬಳೇ ಮಗಳನ್ನು ಗೋಕಾಕದ ಇಂಗ್ಲಿಷ್ ಶಾಲೆಗೆ ಕಳಿಸಿದ್ದನ್ನೇ ಜನ ಬಹಳ ದಿನ ಆಡಿಕೊಂಡಿದ್ದರು. ಈಗ ಆ ಹುಡುಗಿ ಪುಣೆಗೆ ಹೋಗಿ ಡಾಕ್ಟರಿಕೆ ಕಲಿಯುತ್ತಾಳಂತೆ ಎಂಬ ಸುದ್ದಿ ಹಬ್ಬಿದ ಮೇಲೆ, ಬಾವಿಗೆ ಬಂದ ಹೆಂಗಸರು ಅವಳ ತಾಯಿ ಬಾಳವ್ವನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಅದು ೧೯೩೮ರ ಬೇಸಿಗೆ. ಜೂನ್ ತಿಂಗಳಲ್ಲಿ ಪುಣೆಯ ವೈದ್ಯಕೀಯ ಶಾಲೆಯವರು ಹೊಸಬರನ್ನು ಕರೆದು, ಪ್ರಶ್ನೆ ಕೇಳಿ, ಆರಿಸಿಕೊಳ್ಳುವವರಿದ್ದರು. ಹೆಣ್ಣುಮಕ್ಕಳಿಗೆ ಇದ್ದ ಜಾಗ ಬಹಳ ಕಡಿಮೆ.

ಅವಳನ್ನು ಅದಕ್ಕೆ ತಯಾರು ಮಾಡುತ್ತಿದ್ದವರು ಗೋಕಾಕದ ಡಾಕ್ಟರ್ ಅಣ್ಣಾಸಾಹೇಬರು. ಊರೂರಿನ ಸರಕಾರಿ ದವಾಖಾನೆಗಳಲ್ಲಿ ಕೆಲಸ ಮಾಡಿ ನಿವೃತ್ತರಾಗಿ ಮನೆಯಲ್ಲಿದ್ದರು. ಭೀಮರಾಯ ವಾರಕ್ಕೆರಡು ಸಲ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದ. ಡಾಕ್ಟರರು ಇಂಗ್ಲಿಷ್ ಓದಿಸುತ್ತಿದ್ದರು, ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದರು, ತಪ್ಪಿದರೆ ಊರುಗೋಲಿನಿಂದ ನೆಲ ಕುಟ್ಟುತ್ತಿದ್ದರು. ಏಪ್ರಿಲ್ ಕೊನೆಗೆ ಒಂದು ದಿನ ಅವರು ಒಳಗಿನಿಂದ ಒಂದು ಚಹಾದ ಪೆಟ್ಟಿಗೆ ಹೊರಗೆ ಎಳೆಸಿದರು. ಅದರಲ್ಲಿ ಮನುಷ್ಯರ ಎಲುಬುಗಳಿದ್ದವು. ಅವರು ವಿದ್ಯಾರ್ಥಿಯಾಗಿದ್ದಾಗ ಮುಂಬಯಿಯಲ್ಲಿ ಕೊಂಡದ್ದು. ತಲೆಬುರುಡೆ, ಬೆನ್ನಿನ ಮಣಿಗಳು, ಒಂದು ಬದಿಯ ಪಕ್ಕೆಲುಬು, ಸೊಂಟದ ಎಲುಬು, ಒಂದೇ ಕೈ, ಒಂದೇ ಕಾಲು.

"ಮೊದಲನೇ ವರ್ಷ ನಮ್ಮ ಕಡಿ ಮಂದಿ ಬೀಳೂದು ಇದರಾಗ," ಎಂದರು ಡಾಕ್ಟರು. "ಅಲ್ಲಿ ಹೋದ ಮ್ಯಾಲ ಕಲೀತೇನಿ ಅನಬ್ಯಾಡ. ನಿನ್ನ ಬಾಜೂಕ ಕೂಡ್ರವರೆಲ್ಲಾ ಗಂಡಸರು. ಎಲುಬು ಹಿಡದಾಗ ಹುಡುಗಿ ಕೈ ನಡಗತಾವೇನು ಅಂತ ನೋಡಾಕ ಕಾಯತಿರತಾರ. ನಡಗೂದಿದ್ರ ಇಲ್ಲೇ ನಡಗಿ ಮುಗಿಸಿ ಹೋಗು."

ಪರೀಕ್ಷೆ ಹತ್ತಿರವಾಗುತ್ತಿತ್ತು, ದಿನಾ ಗೋಕಾಕಕ್ಕೆ ಬರುವುದು ಆಗದ ಮಾತು. ಪೆಟ್ಟಿಗೆಯನ್ನು ಮನೆಗೇ ಒಯ್ದು ಓದಲಿ ಎಂದರು ಡಾಕ್ಟರು. ಭೀಮರಾಯ ಬೆವೆತ. ಆದರೆ ಬೇಡ ಎನ್ನುವ ಧೈರ್ಯ ಅವನಿಗೆ ಬರಲಿಲ್ಲ. ಮಮದಾಪುರದ ದಾದೇಸಾಬ ಬೆಲ್ಲ ಹೇರಿಕೊಂಡು ಗೋಕಾಕದ ಪೇಟೆಗೆ ಬಂದಿದ್ದ. ಮರಳುವಾಗ ಅವನ ಬಂಡಿ ಖಾಲಿ. "ಪುಸ್ತಕ ಅದಾವಪಾ, ದಾದೇಸಾಬ. ಯಾರ ಮುಂದೂ ಹೇಳೂದು ಬ್ಯಾಡ. ಹುಡುಗಿ ಓದೂದಕ್ಕ ಊರಾಗ ಮೊದಲ ಕಣ್ಣು," ಎಂದ ಮಾಸ್ತರ. ದಾದೇಸಾಬ ಏನೂ ಕೇಳದೆ ಪೆಟ್ಟಿಗೆಯನ್ನು ಹುಲ್ಲಿನ ನಡುವೆ ಇಟ್ಟು, ಮೇಲೆ ಚೀಲ ಹೊದಿಸಿ ತಂದ. ಬಾಳವ್ವನಿಗೂ ಮಾಸ್ತರ ಪುಸ್ತಕವೆಂದೇ ಹೇಳಿದ.

ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಸಾವಿತ್ರಿ ಓದತೊಡಗಿದಳು. ಮೊದಮೊದಲು ಎಲುಬು ಮುಟ್ಟಿದ ಕೈಯಲ್ಲಿ ತುತ್ತು ಎತ್ತಲು ಆಗುತ್ತಿರಲಿಲ್ಲ. ಸೀಗೆಪುಡಿ ಹಾಕಿ ಉಜ್ಜಿ ಉಜ್ಜಿ ತೊಳೆಯುತ್ತಿದ್ದಳು.

"ಪುಸ್ತಕ ಓದಿ ಕೈ ಯಾಕ ಇಷ್ಟು ತೊಳಕೋತಿ?" ಎಂದಳು ಬಾಳವ್ವ.

"ಧೂಳ ಐತೆವ್ವ," ಎಂದಳು ಸಾವಿತ್ರಿ.

ಡಾಕ್ಟರು ಹೇಳಿಕೊಟ್ಟಂತೆ ಕಣ್ಣು ಮುಚ್ಚಿ ಎಲುಬನ್ನು ಬೆರಳಿನಲ್ಲೇ ಓದುವುದು ಅವಳ ಅಭ್ಯಾಸ. ಅಂಚು ಯಾವುದು, ಉಬ್ಬು ಯಾವುದು, ಮೇಲಿನ ತುದಿ ಯಾವುದು. ದಿನ ಕಳೆದಂತೆ ಹೆದರಿಕೆ ಹೋಯಿತು. ಎಲುಬು ಪಾಠವಾಯಿತು. ಒಂದು ಮಧ್ಯಾಹ್ನ ಇಡೀ ಕಾಲನ್ನು ಚಾಪೆಯ ಮೇಲೆ ಜೋಡಿಸಿದಾಗ ಮೊಣಕಾಲಿನ ಚಿಪ್ಪು ಇಲ್ಲದ್ದು ಕಂಡಿತು. ಡಾಕ್ಟರರ ಮನೆಯಲ್ಲಿ ಅದನ್ನು ಅವಳೇ ಕೈಯಲ್ಲಿ ಹಿಡಿದಿದ್ದಳು. ಕೋಣೆಯೆಲ್ಲ ಹುಡುಕಿದಳು. ಪೆಟ್ಟಿಗೆಯ ಕೆಳಗಿನ ಮೂಲೆಯಲ್ಲಿ ಹಲಗೆ ಒಡೆದು ಸಂದಿಯಾಗಿತ್ತು. ಡಾಕ್ಟರರಿಗೆ ಏನು ಹೇಳಲಿ ಎಂಬುದಷ್ಟೇ ಅವಳ ಆಗಿನ ಚಿಂತೆ.

ಮೇ ಕೊನೆಗೆ ಒಂದು ಸಂಜೆ ಗುಡುಗು ಸಿಡಿಲಿನ ಅಡ್ಡಮಳೆ ಬಿತ್ತು. ಮರುದಿನ ಬೆಳಗ್ಗೆ ಊರಿನ ಹಳ್ಳದ ದಂಡೆ ಕುಸಿದದ್ದು ಕಂಡಿತು. ಅದರ ಮೇಲೆಯೇ ಊರಿನವರು ಹೆಣ ಹೂಳುವ ಜಾಗ. ಕುಸಿದ ಅಂಚಿನಲ್ಲಿದ್ದ ಪರಪ್ಪನ ಸಮಾಧಿ ಬಾಯಿ ತೆರೆದಿತ್ತು. ಪರಪ್ಪ ತೀರಿ ಎರಡು ವರ್ಷವಾಗಿತ್ತು. ಗುಣಿಯೊಳಗೆ ಕೆಲವೇ ಎಲುಬು ಉಳಿದಿದ್ದವು, ಉಳಿದವು ಇರಲಿಲ್ಲ. ನೀರು ಒಯ್ದಿತು ಎಂದರು ಕೆಲವರು. ನೀರು ಅಷ್ಟು ಮೇಲೆ ಏರಿಲ್ಲ, ಯಾರೋ ಕೈ ಹಾಕಿದ್ದಾರೆ ಎಂದರು ಇನ್ನು ಕೆಲವರು.

ಹಾಗೆ ಹೇಳಿದವರಲ್ಲಿ ಮುಂದಿದ್ದವನು ಸೋಮಪ್ಪ. ಪರಪ್ಪನ ಹೆಂಡತಿ ಯಮನವ್ವನ ತಮ್ಮ. ಮೂಡಲಗಿಯವನು, ಅಕ್ಕ ಒಬ್ಬಳಾದಳೆಂದು ಬಂದು ಅವಳ ಹೊಲ ನೋಡಿಕೊಂಡಿದ್ದ. ಮಾತಿಗೆ ಮೊದಲು ಕೈ ಮುಂದೆ ಮಾಡುವ ಮನುಷ್ಯ. ದಾದೇಸಾಬ ಬಾಡಿಗೆಯ ಹೇರು ಇಲ್ಲದ ದಿನ ಹಳ್ಳದ ದಂಡೆಯಲ್ಲಿ ಬಿದ್ದ ಸತ್ತ ದನಗಳ ಎಲುಬು ಆರಿಸಿ, ಗೊಬ್ಬರದ ವ್ಯಾಪಾರಿಗಳಿಗಾಗಿ ರೈಲು ನಿಲ್ದಾಣಕ್ಕೆ ಒಯ್ಯುತ್ತಿದ್ದ. ಅದು ಊರಿಗೆಲ್ಲ ಗೊತ್ತಿದ್ದದ್ದೇ. ಆ ಬೆಳಗ್ಗೆಯೂ ಅವನ ಬಂಡಿ ಹಳ್ಳದ ಕಡೆ ನಿಂತಿದ್ದನ್ನು ಯಾರೋ ನೋಡಿದ್ದರು. ಸೋಮಪ್ಪ ನಾಲ್ಕು ಜನರೊಂದಿಗೆ ಹೋಗಿ ಬಂಡಿಯನ್ನು ಬುಡಮೇಲು ಮಾಡಿದ. ದನದ ಎಲುಬುಗಳು ಬಿದ್ದವು. ಅವುಗಳ ಜೊತೆ, ತಳದ ಹಳೆಯ ಹುಲ್ಲಿನೊಳಗಿಂದ, ಅಂಗೈಯಗಲವೂ ಇಲ್ಲದ ಒಂದು ಚಿಪ್ಪು ಉರುಳಿತು. ಮುರಿದ ಕೈಕಾಲು ಕೂಡಿಸುವ ಊರಿನ ಮುದುಕ ಅದನ್ನು ತಿರುಗಿಸಿ ನೋಡಿ, ಇದು ಮನುಷ್ಯರ ಮೊಣಕಾಲಿನದು ಎಂದ.

ಈ ಸುದ್ದಿಯನ್ನು ಮಾಸ್ತರರ ಮನೆಗೆ ತಂದವಳು ನೆರೆಮನೆಯ ಯಲ್ಲವ್ವ. ಹೊಸ್ತಿಲಲ್ಲಿ ನಿಂತೇ ಹೇಳಿದಳು. "ಚಾವಡಿಗೆ ಎಳಕೊಂಡ ಹೋಗ್ಯಾರ್ರಿ ದಾದೇಸಾಬನ್ನ. ಸೋಮಪ್ಪ ಬಡಿಗಿ ತೊಗೊಂಡ ಹೊಡದಾನ. ಗುಣಿ ಬಗದು ಎಲುಬ ಮಾರತಾನ ಅಂತ. ಅವ ಬಾಯಿ ಬಿಡವಲ್ಲ."

ಅವಳು ಹೋದ ಮೇಲೆ ಭೀಮರಾಯ ಬಾಗಿಲು ಮುಂದೆ ಮಾಡಿದ.

"ಅಪ್ಪ, ಅದು ನಮ್ಮ ಪೆಟ್ಟಿಗ್ಯಾಂದು."

"ಸಾವಕಾಶ ಮಾತಾಡು."

"ಸಂದಿಯಾಗಿಂದ ಬಂಡಿಯಾಗ ಬಿದ್ದೈತಿ. ನಾ ಹುಡಕಾಕತ್ತಿದ್ದೆ."

ಭೀಮರಾಯ ಗೋಡೆಗೆ ಒರಗಿ ಕುಳಿತ. "ಗೌಡ್ರು ಗೋಕಾಕಕ್ಕ ಪೊಲೀಸ ಫೌಜದಾರಗ ಹೇಳಿ ಕಳಸ್ತಾರ. ಫೌಜದಾರ ಬಂದು ನೋಡಿದ್ರ ಪುರಾವಾ ಏನೂ ಸಿಗೂದಿಲ್ಲ. ಬಿಟ್ಟು ಬಿಡ್ತಾರ. ನಾವು ಸುಮ್ಮನಿರೂದು ಚಲೋ."

"ಫೌಜದಾರ ಬರೂತನಕ ಅವರು ದಾದೇಸಾಬ ಕಾಕಾನ್ನ ಉಳಸ್ತಾರೇನು?"

"ನೀ ಹೋಗಿ ಪೆಟ್ಟಿಗಿ ತೋರಿಸಿದ್ರ ಏನಾಕ್ಕೈತಿ ಗೊತ್ತೇನು? ಹೆಣದ ಎಲುಬ ಮನ್ಯಾಗ ಇಟಗೊಂಡಾನ ಅಂತ ನನಗ ಸಾಲಿ ಬಿಡಸ್ತಾರ. ನಿನ್ನ ಪುಣೆ ಅಲ್ಲಿಗೆ ಮುಗೀತು. ಇನ್ನ ಹದಿನೈದು ದಿನಾ ಅಷ್ಟ ಉಳದೈತಿ, ಸಾವಿತ್ರಿ."

"ಯಾಂವ ಹೊಡಸಕೋಳಾಕತ್ತಾನ?" ಎಂಬ ದನಿ ಕೇಳಿ ಇಬ್ಬರೂ ತಿರುಗಿದರು. ಬಾಳವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಹಿಟ್ಟು ಮೆತ್ತಿತ್ತು. "ಆ ಪೆಟ್ಟಿಗ್ಯಾಗ ಏನೈತಿ?"

ಬಾಳವ್ವ ಹಿಂದಿನ ಕೋಣೆಗೆ ಹೋಗಿ ಪೆಟ್ಟಿಗೆಯ ಮುಚ್ಚಳ ಎತ್ತಿದಳು. ಅವಳು ಕೂಗಲಿಲ್ಲ. ಮುಚ್ಚಳ ಬಿಟ್ಟು, ಗೋಡೆ ಹಿಡಿದುಕೊಂಡು, ನಿಧಾನವಾಗಿ ನೆಲಕ್ಕೆ ಕುಳಿತಳು. ಮಗಳು ಹತ್ತಿರ ಬಂದಾಗ ಕೈ ಅಡ್ಡ ಹಿಡಿದಳು.

"ಮುಟ್ಟಬ್ಯಾಡ ನನ್ನ. ಒಂದು ತಿಂಗಳಾತು. ಈ ಬಾಜೂದಾಗ ನಾ ಪೂಜಿ ಮಾಡೇನಿ, ಇದರ ಮುಂದ ಹಾದು ರೊಟ್ಟಿ ಬಡಿಯಾಕ ಹೋಗೇನಿ. ಅಪ್ಪ ಮಗಳು ಕೂಡಿ ನನಗ ಪುಸ್ತಕ ಅಂದ್ರಿ."

"ತಪ್ಪಾತವ್ವ."

"ತಪ್ಪ ಆಮ್ಯಾಲ ನೋಡೂಣು. ಅಲ್ಲಿ ಒಬ್ಬನ ಜೀವ ಹೊಂಟೈತಿ. ಇದನ್ನ ನನ್ನ ಮನಿಯಿಂದ ಹೊರಗ ಒಯ್ಯಿ."

ಸಾವಿತ್ರಿ ಪೆಟ್ಟಿಗೆಯ ಒಂದು ಬದಿ ಎತ್ತಿದಳು. ಒಬ್ಬಳಿಗೆ ಏಳುತ್ತಿರಲಿಲ್ಲ. ಎಳೆದುಕೊಂಡು ಹೊಸ್ತಿಲವರೆಗೆ ಬಂದಳು. ಭೀಮರಾಯ ಕುಳಿತಲ್ಲಿಂದ ಅದನ್ನೇ ನೋಡುತ್ತಿದ್ದ. ಕೊನೆಗೆ ಎದ್ದು, ರುಮಾಲು ಸುತ್ತಿಕೊಂಡು, ಇನ್ನೊಂದು ಬದಿ ಹಿಡಿದ.

ಚಾವಡಿಯ ಮುಂದೆ ಊರೇ ನೆರೆದಿತ್ತು. ಕಟ್ಟೆಯ ಮೇಲೆ ರಾಚಪ್ಪಗೌಡರು, ಕೆಳಗೆ ಮಣ್ಣಿನಲ್ಲಿ ದಾದೇಸಾಬ. ಬಲಗೈಯನ್ನು ಎಡಗೈಯಿಂದ ಎದೆಗೆ ಒತ್ತಿ ಹಿಡಿದು ಕುಳಿತಿದ್ದ. ಗಡ್ಡದಲ್ಲಿ ರಕ್ತ ಒಣಗಿತ್ತು. ದೂರದಲ್ಲಿ ಅವನ ಹೆಂಡತಿ ಶರೀಫಾಬಿ ಬೇವಿನ ಮರ ಹಿಡಿದು ನಿಂತಿದ್ದಳು. ಇನ್ನೊಂದು ಬದಿ ಯಮನವ್ವ ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಗೌಡರ ಮುಂದೆ ಒಂದು ಬಟ್ಟೆಯ ಮೇಲೆ ಆ ಚಿಪ್ಪು ಇತ್ತು.

"ಕಡೀ ಸಲ ಕೇಳ್ತೇನಿ, ದಾದೇಸಾಬ," ಎನ್ನುತ್ತಿದ್ದರು ಗೌಡರು. "ಇದು ನಿನ್ನ ಬಂಡ್ಯಾಗ ಹೆಂಗ ಬಂತು?"

"ನನಗ ಗೊತ್ತಿಲ್ರಿ ಗೌಡ್ರ. ಗುಣಿ ನಾ ಮುಟ್ಟಿಲ್ಲ."

"ಮತ್ತ ಮನಶ್ಯಾರ ಎಲುಬ ಹುಲ್ಲಾಗ ಬೆಳದೈತೇನು?" ಎಂದ ಸೋಮಪ್ಪ, ಬಡಿಗೆಯನ್ನು ಕೈಯಿಂದ ಕೈಗೆ ಬದಲಿಸುತ್ತ.

ದಾದೇಸಾಬ ತಲೆ ಎತ್ತಿದಾಗ ಪೆಟ್ಟಿಗೆ ಹೊತ್ತು ಬರುತ್ತಿದ್ದ ಮಾಸ್ತರನೂ ಮಗಳೂ ಕಂಡರು. ಪೆಟ್ಟಿಗೆಯನ್ನು ನೋಡಿದ, ಚಿಪ್ಪನ್ನು ನೋಡಿದ. ಆಗಲೇ ಅವನಿಗೆ ಎಲ್ಲ ತಿಳಿದಿರಬೇಕು. ಆದರೂ ಏನೂ ಹೇಳದೆ ತಲೆ ತಗ್ಗಿಸಿದ.

ಹೆಂಗಸರು ಚಾವಡಿಯ ಅಂಗಳ ದಾಟಿ ಬರುವ ಪದ್ಧತಿ ಇರಲಿಲ್ಲ. ಸಾವಿತ್ರಿ ದಾಟಿ ಬಂದು ಪೆಟ್ಟಿಗೆ ಇಳಿಸಿದಳು.

"ಗೌಡ್ರ, ಆ ಚಿಪ್ಪು ನಂದು. ಈ ಪೆಟ್ಟಿಗ್ಯಾಗಿಂದು. ದಾದೇಸಾಬ ಕಾಕಾಗ ಇದರಾಗ ಏನೈತಿ ಅಂತ ಗೊತ್ತಿದ್ದಿಲ್ಲ. ನಾವು ಪುಸ್ತಕ ಅಂತ ಸುಳ್ಳು ಹೇಳಿದ್ವಿ."

ಮುಚ್ಚಳ ತೆಗೆದಳು. ಮುಂದಿನ ಸಾಲಿನವರು ಹಿಂದೆ ಸರಿದರು, ಹಿಂದಿನವರು ನೋಡಲು ಮುಂದೆ ನೂಕಿದರು. ಯಾರೋ ಹೆಂಗಸು ಮಗುವಿನ ಕಣ್ಣು ಮುಚ್ಚಿ ಎತ್ತಿಕೊಂಡು ಹೋದಳು. ಯಮನವ್ವ ಗೋಡೆಯಿಂದ ಮುಖ ತಿರುಗಿಸಿದಳು.

"ಮಾಸ್ತರ, ಇದೇನ್ರಿ ಇದು?" ಎಂದರು ಗೌಡರು.

ಭೀಮರಾಯ ಬಾಯಿ ತೆರೆದ. ಸೋಮಪ್ಪ ಅವನಿಗೆ ಮಾತಾಡಲು ಬಿಡಲಿಲ್ಲ. "ಏನ ಕೇಳತೀರಿ ಗೌಡ್ರ? ಅಂವ ಬಗದಾನ, ಇವರು ತೊಗೊಂಡಾರ. ಡಾಕ್ಟರಕಿ ಓದಾಕ ಎಲುಬ ಬೇಕಲ್ಲ. ನಮ್ಮ ಮಾಂವ ಅಗ್ಗಕ್ಕ ಸಿಕ್ಕಾನ."

ಗುಂಪಿನಲ್ಲಿ ಗದ್ದಲ ಎದ್ದಿತು. ಸಾವಿತ್ರಿ ಗೋಕಾಕದ ಡಾಕ್ಟರರ ಹೆಸರು ಹೇಳಿದಳು, ಅವರನ್ನೇ ಕೇಳಿಸಿ ಎಂದಳು. ಎಲುಬಿಗೆ ಹಚ್ಚಿದ ಎಣ್ಣೆಬಣ್ಣ, ತಂತಿ ಪೋಣಿಸಿದ ತೂತು ತೋರಿಸಿದಳು. ತೂತು ಯಾರಾದರೂ ಹಾಕಬಹುದು ಎಂದ ಸೋಮಪ್ಪ. ಅವಳು ಸೊಂಟದ ಎಲುಬು ಎತ್ತಿದಳು. "ಇದು ಹೆಂಗಸಿನ ಎಲುಬು. ಗಂಡಸರದಾದ್ರ ಈ ಕಚ್ಚು ಇಷ್ಟು ಅಗಲ ಇರೂದಿಲ್ಲ."

"ಎಲುಬಿಗೆ ಗಂಡು ಹೆಣ್ಣು ಅಂತ ಇರತೈತೇನು? ಸೀರಿ ಉಟಗೊಂಡಿರತೈತೇನದು?" ಎಂದ ಸೋಮಪ್ಪ. ಕೆಲವರು ನಕ್ಕರು. ಆ ನಗು ಅವಳಿಗೆ ಬೈಗುಳಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ಬಡಿಗೆ ಹಿಡಿದ ಇನ್ನಿಬ್ಬರು ಭೀಮರಾಯನ ಹಿಂದೆ ಬಂದು ನಿಂತದ್ದನ್ನು ಅವಳು ಕಂಡಳು.

ಆಗ ಅವಳಿಗೆ ಪರಪ್ಪನ ನಡಿಗೆ ನೆನಪಾಯಿತು. ಅವನು ಕುಂಟುತ್ತಿದ್ದ. ಅವಳು ಚಿಕ್ಕವಳಿದ್ದಾಗ ಅವನು ಬಾವಿಯ ಮೆಟ್ಟಿಲಿನಿಂದ ಬಿದ್ದು ಮೊಣಕಾಲಿನ ಕೆಳಗೆ ಕಾಲು ಮುರಿದಿತ್ತು. ಕೂಡಿದ್ದು ಸೊಟ್ಟಾಗಿ ಕೂಡಿತ್ತು. ಆದರೆ ಯಾವ ಕಾಲು? ಕಣ್ಣೆದುರು ಅವನು ನಡೆದು ಬರುತ್ತಿದ್ದ, ಕುಂಟುತ್ತಿದ್ದ, ಎಡವೋ ಬಲವೋ ತಿಳಿಯುತ್ತಿರಲಿಲ್ಲ. ಪೆಟ್ಟಿಗೆಯಲ್ಲಿದ್ದದ್ದು ಎಡಗಾಲು ಮಾತ್ರ. ಮುರಿದದ್ದು ಬಲಗಾಲಾಗಿದ್ದರೆ ಅವಳ ಕೈಯಲ್ಲಿ ಏನೂ ಇಲ್ಲ. ಕೇಳಿ ಸುಮ್ಮನಾದರೆ ಸುಳ್ಳುಗಾತಿಯೇ ಆದಂತೆ.

ಅವಳು ಯಮನವ್ವನ ಮುಂದೆ ಹೋಗಿ ಕುಳಿತಳು.

"ಅತ್ತಿ, ಮಾವನ ಕಾಲು ಮುರದಿತ್ತಲ್ಲ. ಯಾವ ಕಾಲು?"

ಯಮನವ್ವ ಅವಳನ್ನೇ ನೋಡಿದಳು. ಶರೀಫಾಬಿ ಮರ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಿದ್ದಳು.

"ಯಾಕ ಕೇಳತಿ?" ಎಂದಳು ಯಮನವ್ವ.

"ಮುರದ ಎಲುಬು ಕೂಡಿದ ಮ್ಯಾಲ ಅಲ್ಲಿ ಗಂಟ ಉಳೀತೈತಿ. ಸತ್ತ ಮ್ಯಾಲೂ ಹೋಗೂದಿಲ್ಲ. ಈ ಪೆಟ್ಟಿಗ್ಯಾಗ ಎಡಗಾಲಷ್ಟ ಐತಿ. ಮಾವಂದು ಎಡಗಾಲ ಆಗಿದ್ರ ನೀವ ಮುಟ್ಟಿ ಹೇಳಾಕ ಬರತೈತಿ. ಬಲಗಾಲ ಆಗಿದ್ರ…" ಅವಳು ನಿಲ್ಲಿಸಿದಳು. "ಬಲಗಾಲ ಆಗಿದ್ರ ನನಗ ತೋರಸಾಕ ಏನೂ ಇಲ್ಲ."

"ಅಕ್ಕಾ, ಮುಟ್ಟಬ್ಯಾಡ," ಎಂದ ಸೋಮಪ್ಪ.

ಯಮನವ್ವ ತಮ್ಮನ ಕಡೆ ನೋಡಲಿಲ್ಲ. "ಎಡಗಾಲು," ಎಂದಳು. "ಹದಿಮೂರು ವರ್ಷ ಸಂಜಿಕ ಎಣ್ಣಿ ತಿಕ್ಕೇನಿ. ಮಳಿಗಾಲದಾಗ ಅವರಿಗೆ ನಿದ್ದಿ ಬರತಿದ್ದಿಲ್ಲ."

ಸಾವಿತ್ರಿ ಮೊಣಕಾಲಿನ ಕೆಳಗಿನ ಉದ್ದನೆಯ ಎಲುಬನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಯಮನವ್ವ ಸೆರಗಿನಲ್ಲಿ ಕೈ ಒರೆಸಿ ಅದನ್ನು ತೆಗೆದುಕೊಂಡಳು. ಮೊದಲು ಹಾಗೇ ತೊಡೆಯ ಮೇಲೆ ಇಟ್ಟುಕೊಂಡಳು. ಆಮೇಲೆ ಹೆಬ್ಬೆರಳನ್ನು ಮೇಲಿನಿಂದ ಕೆಳಕ್ಕೆ, ಎಣ್ಣೆ ತಿಕ್ಕುವಂತೆ ನಿಧಾನವಾಗಿ ಎಳೆದಳು. ಮಧ್ಯಕ್ಕೆ ಬಂದು ನಿಲ್ಲಿಸಿದಳು. ಮತ್ತೆ ಮೇಲಿನಿಂದ ಎಳೆದಳು. ಕಣ್ಣು ಮುಚ್ಚಿತ್ತು.

"ಅಲ್ಲ," ಎಂದಳು. "ಇಲ್ಲಿ ಗಂಟ ಇತ್ತು. ಬಾಳೆಕಾಯಿ ಹಂಗ ಬಾಗಿತ್ತು. ಇದು ನೆಟ್ಟಗ ಐತಿ. ಇವರು ನಮ್ಮ ಮನಿಯವರಲ್ಲ."

ಎಲುಬು ಕೂಡಿಸುವ ಮುದುಕನೂ ಅದನ್ನು ಇಸಿದುಕೊಂಡು ನೋಡಿ ಹೌದೆಂದು ತಲೆ ಆಡಿಸಿದ. ಬಟ್ಟೆಯ ಮೇಲಿದ್ದ ಚಿಪ್ಪನ್ನು ಪೆಟ್ಟಿಗೆಯ ತೊಡೆಯೆಲುಬಿನ ತುದಿಗೆ ಇಟ್ಟ, ಸರಿಯಾಗಿ ಹೊಂದಿತು. ಪರಪ್ಪನ ಕಾಲಿಗೆ ಪಟ್ಟಿ ಕಟ್ಟಿದವನು ಅವನೇ. ಗೌಡರು ಸೋಮಪ್ಪನಿಗೆ ಬಡಿಗೆ ಕೆಳಗಿಡಲು ಹೇಳಿದರು. ಅವನು ಇಡಲಿಲ್ಲ. ಯಮನವ್ವ ಎದ್ದು ಹೋಗಿ ಅದನ್ನು ಅವನ ಕೈಯಿಂದ ಕಿತ್ತುಕೊಂಡಳು. ಆಮೇಲೆ ಪೆಟ್ಟಿಗೆಯ ಹತ್ತಿರ ಬಂದು ನಿಂತು ಕೇಳಿದಳು:

"ಹೆಂಗಸು ಅಂದ್ಯಲ್ಲ. ಖರೆ ಏನು?"

"ಖರೆ ಅತ್ತಿ."

"ಯಾರಾಕಿ? ಹೆಸರೇನು?"

"ಗೊತ್ತಿಲ್ಲ. ದವಾಖಾನ್ಯಾಗ ಸತ್ತವರನ್ನ ಯಾರೂ ಕೇಳಾಕ ಬರದಿದ್ರ ಹಿಂಗ ಮಾಡತಾರಂತ."

"ಯಾರೂ ಬರಲಿಲ್ಲಂತೇನು ಈಕಿಗೆ?"

ಒಂದು ತಿಂಗಳು ಆ ಎಲುಬುಗಳನ್ನು ಬೆರಳಿನಲ್ಲಿ ಓದಿದವಳಿಗೆ ಒಂದು ದಿನವೂ ಈ ಮಾತು ಹೊಳೆದಿರಲಿಲ್ಲ. ಕಚ್ಚು ಅಗಲವಾಗಿದ್ದರೆ ಹೆಣ್ಣು ಎಂದು ಉರು ಹೊಡೆದಿದ್ದಳು, ಅಷ್ಟೆ. ಈಗ ಅವಳಿಗೆ ಅಳು ಬಂತು, ಊರ ಮುಂದೆ ಅಳಬಾರದೆಂದು ತುಟಿ ಕಚ್ಚಿ ಹಿಡಿದಳು.

"ಓದಿ ಮುಗಿದ ಮ್ಯಾಲ ಈಕಿನ್ನ ಮಣ್ಣ ಮಾಡಸು," ಎಂದಳು ಯಮನವ್ವ. ಹೇಳಿ ಮನೆಯ ಕಡೆ ನಡೆದಳು.

ಗೌಡರು ಅಷ್ಟಕ್ಕೆ ಬಿಡಲಿಲ್ಲ. ದಾದೇಸಾಬನ ತಪ್ಪಿಲ್ಲ ಎಂದರು. ಆದರೆ ಪೆಟ್ಟಿಗೆ ಸಂಜೆಯೊಳಗೆ ಊರ ಗಡಿ ದಾಟಬೇಕು, ಮತ್ತೆ ಬರಕೂಡದು. ಮಾಸ್ತರರ ವಿಷಯ ಮೇಲಿನವರಿಗೆ ತಿಳಿಸದೆ ಇರಲು ತಮಗೆ ಆಗದು ಎಂದೂ ಹೇಳಿದರು. ಭೀಮರಾಯ ಕೈ ಮುಗಿದ.

ಗುಂಪು ಕರಗಿದ ಮೇಲೂ ದಾದೇಸಾಬ ಕುಳಿತಲ್ಲಿಂದ ಏಳಲಿಲ್ಲ. ಸಾವಿತ್ರಿ ಹತ್ತಿರ ಹೋಗಿ, ಮುಟ್ಟಲೇ ಎಂದು ಶರೀಫಾಬಿಯನ್ನು ಕೇಳಿದಳು. ಕೊರಳಿನಿಂದ ಹೆಗಲಿಗೆ ಹೋಗುವ ಎಲುಬಿನ ಮೇಲೆ ಬೆರಳಾಡಿಸಿದಳು. ಮಧ್ಯದಲ್ಲಿ ಮೆಟ್ಟಿಲಿನಂತೆ ಒಂದು ತುದಿ ಎದ್ದಿತ್ತು. ಅವನು ಹಲ್ಲು ಕಡಿದ. ಒಣಗಿದ ಎಲುಬನ್ನು ಬಿಟ್ಟು ಅವಳು ಮುಟ್ಟಿದ ಮೊದಲ ಎಲುಬು ಅದು. ಬಿಸಿಯಾಗಿತ್ತು, ಉಸಿರಿನ ಜೊತೆ ಅಲ್ಲಾಡುತ್ತಿತ್ತು. ಏನು ಮಾಡಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಅಪ್ಪನ ರುಮಾಲು ಬಿಚ್ಚಿಸಿ, ಕೈ ಅಲ್ಲಾಡದಂತೆ ಎದೆಗೆ ಕಟ್ಟಿದಳು.

ದಾದೇಸಾಬನ ಬಂಡಿಯಲ್ಲೇ ಅವನನ್ನು ಗೋಕಾಕಕ್ಕೆ ಒಯ್ದರು. ಭೀಮರಾಯ ಎತ್ತು ಹೊಡೆದ. ಹಿಂದೆ ಹುಲ್ಲಿನ ಮೇಲೆ ದಾದೇಸಾಬ, ಶರೀಫಾಬಿ, ಸಾವಿತ್ರಿ, ನಡುವೆ ಪೆಟ್ಟಿಗೆ. ಬಂಡಿ ಜೋಲಿ ಹೊಡೆದಾಗಲೆಲ್ಲ ಅವನು ಕಣ್ಣು ಮುಚ್ಚುತ್ತಿದ್ದ. ಊರು ಹಿಂದೆ ಬಿದ್ದ ಮೇಲೆ ಸಾವಿತ್ರಿ ಹೇಳಿದಳು:

"ಕಾಕಾ, ಪೆಟ್ಟಿಗಿ ನೋಡಿದ ಮ್ಯಾಲೂ ನೀವು ಸುಮ್ಮನಿದ್ರಿ."

"ಮಾಸ್ತರಗ ಮಾತ ಕೊಟ್ಟಿದ್ದೆ."

"ಏನೈತಿ ಅಂತ ಮೊದಲ ಗೊತ್ತಿದ್ರ ತರ್ತಿದ್ದಿಲ್ಲೇನು?"

"ತರ್ತಿದ್ದೆ," ಎಂದ ದಾದೇಸಾಬ. "ಆದರ ನನ್ನ ರೊಟ್ಟಿ ಗಂಟ ಅದರ ಮ್ಯಾಲ ಇಡತಿದ್ದಿಲ್ಲ. ಹೇಳಬೇಕಿತ್ತು ನೀವು. ನಾನೂ ಮನಶ್ಯಾ ಅಲ್ಲೇನು?"

ಮುಂದೆ ಕುಳಿತ ಭೀಮರಾಯನಿಗೆ ಅದು ಕೇಳಿಸಿತು. ಅವನು ತಿರುಗಿ ನೋಡಲಿಲ್ಲ. ಗೋಕಾಕ ಬರುವವರೆಗೂ ಅವನ ಬೆನ್ನು ಬಾಗಿಯೇ ಇತ್ತು.

ಅಣ್ಣಾಸಾಹೇಬರು ದಾದೇಸಾಬನ ಹೆಗಲು ನೋಡಿ, ಸರಿಯಾಗಿ ಕಟ್ಟಿ, ಕೂಡುತ್ತದೆ ಎಂದರು. ನಡೆದದ್ದನ್ನೆಲ್ಲ ಕೇಳಿದ ಮೇಲೆ ಅವರೂ ಮೆತ್ತಗಾದರು. ತಪ್ಪು ತಮ್ಮದು, ಹಳ್ಳಿಗೆ ಆ ಪೆಟ್ಟಿಗೆ ಕಳಿಸಬಾರದಿತ್ತು ಎಂದರು. ಯಮನವ್ವನ ಮಾತನ್ನು ಸಾವಿತ್ರಿ ಹೇಳಿದಾಗ ಮಾತ್ರ ಊರುಗೋಲಿನಿಂದ ನೆಲ ಕುಟ್ಟಿದರು.

"ಮಣ್ಣ ಮಾಡಿದ್ರ ನಿನ್ನ ಹಿಂದ ಬರಾಕಿ ಏನು ನೋಡಿ ಕಲೀಬೇಕು?"

"ಆಕಿಗೂ ಒಂದು ಮನಿ ಇದ್ದಿರಬೇಕಲ್ರಿ."

"ಇದ್ದಿರಬೇಕು," ಎಂದರು ಡಾಕ್ಟರು. ಪೆಟ್ಟಿಗೆಯ ಮುಚ್ಚಳ ಮುಚ್ಚಿದರು. "ನೀ ಮೊದಲ ಡಾಕ್ಟರ ಆಗಿ ಬಾ. ಆಮ್ಯಾಲ ಇಬ್ರೂ ಕೂತು ಈ ಮಾತ ಮುಗಸೂಣು." ಆ ಮಾತು ಅಲ್ಲಿಗೆ ಮುಗಿಯಲಿಲ್ಲ, ಆದರೆ ಅಂದು ಅಷ್ಟಕ್ಕೇ ನಿಂತಿತು.

ಉಳಿದ ದಿನಗಳನ್ನು ಸಾವಿತ್ರಿ ಹುಕ್ಕೇರಿಯಲ್ಲಿ ಡಾಕ್ಟರರ ಮಗಳ ಮನೆಯಲ್ಲಿ ಕಳೆದಳು. ಊರಿಗೆ ಹೋದರೆ ಓದು ಆಗದೆಂದು ಅವರೇ ಬಸ್ಸಿನಲ್ಲಿ ಕರೆದೊಯ್ದು ಬಿಟ್ಟರು. ಆ ಮನೆಯವರು ಒಳ್ಳೆಯವರು, ಬೇರೆ ಕೋಣೆ ಕೊಟ್ಟರು. ಆದರೂ ಪುಸ್ತಕ ತೆರೆದರೆ ಅಕ್ಷರದ ಬದಲು ಚಾವಡಿ ಕಾಣುತ್ತಿತ್ತು. ಒಮ್ಮೊಮ್ಮೆ ಬೀದಿಯಲ್ಲಿ ಬಂಡಿಯ ಸದ್ದಾದರೆ ಎದ್ದು ನಿಲ್ಲುತ್ತಿದ್ದಳು. ಭೀಮರಾಯ ಒಮ್ಮೆ ಬಂದು ಸುದ್ದಿ ಹೇಳಿ ಹೋದ. ಅವನಿಗೆ ಮೇಲವಂಕಿಯ ಶಾಲೆಗೆ ವರ್ಗವಾಗಿತ್ತು. ಪರಪ್ಪನ ಉಳಿದ ಎಲುಬುಗಳು ಹಳ್ಳದ ಕೆಳಗಿನ ತಿರುವಿನಲ್ಲಿ ಉಸುಕಿನೊಳಗೆ ಕುರಿ ಕಾಯುವವರಿಗೆ ಸಿಕ್ಕಿದ್ದವು, ಯಮನವ್ವ ಅವನ್ನು ಎತ್ತರದ ಜಾಗದಲ್ಲಿ ಮತ್ತೆ ಮಣ್ಣು ಮಾಡಿಸಿದ್ದಳು. ಸೋಮಪ್ಪ ದಾದೇಸಾಬನ ಹತ್ತಿರ ತಪ್ಪಾಯಿತು ಎನ್ನಲಿಲ್ಲ. ಆದರೆ ಬಿತ್ತನೆಯ ಮೊದಲ ಮಿರಗ ಮಳೆ ಬಿದ್ದ ಕೂಡಲೆ, ಗೌಡರು ಹೇಳಿದ್ದಕ್ಕೋ ತಾನಾಗಿಯೋ, ದಾದೇಸಾಬನ ತುಂಡು ಹೊಲವನ್ನು ಬಿತ್ತಿಕೊಟ್ಟಿದ್ದ.

"ಅವ್ವ?" ಎಂದು ಕೇಳಿದಳು ಸಾವಿತ್ರಿ.

"ನನ್ನ ಸಂಗಾಟ ಇನ್ನೂ ಮಾತಾಡವಲ್ಲಳು. ಹಿಂದಿನ ಕೋಣಿ ಮೂರ ಸಲ ಸಾರಿಸಿದ್ಲು," ಎಂದ ಭೀಮರಾಯ.

ಪುಣೆಯಲ್ಲಿ ದೊಡ್ಡ ಮೇಜಿನ ಹಿಂದೆ ಮೂವರು ಕುಳಿತಿದ್ದರು. ಅವರು ಎಲುಬಿನ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಇಂಗ್ಲಿಷ್ ಪತ್ರಿಕೆಯ ಒಂದು ತುಂಡು ಓದಿಸಿದರು. ಸಾಬೂನು ಹೇಗೆ ಆಗುತ್ತದೆ ಎಂದರು. ಒಂದು ಉತ್ತರ ತಪ್ಪಿತು. ಕೊನೆಗೆ ಒಬ್ಬರು, ನಿಮ್ಮ ಊರಲ್ಲಿ ಯಾರಾದರೂ ಹೆಂಗಸರು ಇದನ್ನು ಓದಿದ್ದಾರೆಯೇ ಎಂದು ಕೇಳಿದರು. ಇಲ್ಲ ಎಂದಳು. ಊರಿನವರು ಏನನ್ನುತ್ತಾರೆ ಎಂದರು. ಅವಳಿಗೆ ಹೇಳಲು ಬಹಳ ಇತ್ತು, ಇಂಗ್ಲಿಷ್ ಸಾಲಲಿಲ್ಲ. "ಪ್ರಶ್ನೆ ಕೇಳುತ್ತಾರೆ," ಎಂದಷ್ಟೇ ಹೇಳಿದಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊರಗೆ ಬಂದವಳು ಆಗಲಿಲ್ಲವೆಂದೇ ಅಪ್ಪನಿಗೆ ಹೇಳಿದಳು.

ಆದರೆ ಆಯ್ಕೆಯಾದ ಸುದ್ದಿ ಮೇಲವಂಕಿಯ ಹೊಸ ಮನೆಗೆ ಬಂತು. ಹೊರಡುವ ಹಿಂದಿನ ದಿನ ಬಾಳವ್ವ ದಾರಿಗೆ ಬೇಕೆಂದು ಬಹುದಿನ ಕೆಡದ ಕಟಕ ರೊಟ್ಟಿ ಮಾಡುತ್ತಿದ್ದಳು. ಬೆಳಗಿನಿಂದ ಬಡಿಯುತ್ತಲೇ ಇದ್ದಳು. ಸಾವಿತ್ರಿ ಪಕ್ಕದಲ್ಲಿ ಕುಳಿತು ಒಲೆಗೆ ಕಟ್ಟಿಗೆ ನೂಕುತ್ತಿದ್ದಳು. ಆ ಘಟನೆಯಾದ ಮೇಲೆ ತಾಯಿ ಅವಳೊಂದಿಗೆ ಬೇಕಾದಷ್ಟೇ ಮಾತಾಡಿದ್ದಳು, ಮುಟ್ಟಿರಲಿಲ್ಲ.

ಬಾಳವ್ವ ರೊಟ್ಟಿ ಹಂಚಿಗೆ ಹಾಕಿ, ಬಲಗೈ ಝಾಡಿಸಿ, ಅದನ್ನು ಮಗಳ ಮುಂದೆ ಚಾಚಿದಳು.

"ಇಲ್ಲಿ ನೋಡು. ಮಣಿಕಟ್ಟು ನೋಯತೈತಿ. ಏನೈತಿ ಇದರಾಗ?"

ಸಾವಿತ್ರಿ ಆ ಕೈಯನ್ನು ಹಿಡಿದುಕೊಂಡಳು. ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದಳು. "ಇಲ್ಲಿ ಎಂಟು ಸಣ್ಣ ಎಲುಬು ಅದಾವವ್ವ. ಒಂದಕೊಂದು ಹೊಂದಿಕೊಂಡು."

"ಎಂಟು? ಅದಕ್ಕ ಇಷ್ಟು ನೋಯತೈತಿ." ಬಾಳವ್ವ ಕೈ ಹಿಂದೆಳೆದುಕೊಳ್ಳಲಿಲ್ಲ. "ಔಷಧ ಏನದಕ್ಕ?"

"ಹೆಸರಷ್ಟ ಕಲತೇನಿ. ಔಷಧ ಇನ್ನ ಗೊತ್ತಿಲ್ಲ."

"ಹಂಗಾರ ಹೋಗಿ ಕಲತು ಬಾ," ಎಂದು ಬಾಳವ್ವ ಇನ್ನೊಂದು ಕೈಯಲ್ಲಿ ರೊಟ್ಟಿ ತಿರುವಿ ಹಾಕಿದಳು.